ಬೀಟಿಗೆ ಹೋಗುವ ಮಂಜುವಿಗೆ

ಸಾಗರ

ಪ್ರೀತಿಯ ಮಂಜು,

ನಿನ್ನ ಕಾಗದ ಬಂದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ರೂಮು, ಊಟ, ಸಂಬಳದ ವಿಷಯ ನಿಮ್ಮಮ್ಮನೂ ಫೋನಿನಲ್ಲಿ ಹೇಳಿದ್ದಳು, ಅದಿರಲಿ. ಕೊನೆಯಲ್ಲಿ ಬರೆದಿದ್ದೀಯಲ್ಲ, ‘ದೊಡ್ಡಪ್ಪ, ರಾತ್ರಿ ಬೀಟಿನಲ್ಲಿ ರೈಲುಹಳಿ ನೋಡುತ್ತ ನಡೆಯುವಾಗ ಏನಾದರೂ ನನ್ನ ಕಣ್ತಪ್ಪಿದರೆ?’ ಅಂತ. ಅಲ್ಲೇ ನಿಂತುಬಿಟ್ಟೆ.

ಹೆದರಬೇಡ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿನ್ನನ್ನು ಹಾಕಿರುವುದು ಯಡಕುಮೇರಿ ಘಾಟಿಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. 2024ರ ಜುಲೈನಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಧರೆ ಜಾರಿ ರೈಲು ನಿಂತಿದ್ದನ್ನು ಟೀವಿಯಲ್ಲಿ ನೋಡಿದ್ದೆ. ಅಂಥ ಜಾಗದಲ್ಲಿ ನಡುರಾತ್ರಿ ನಡೆಯುವ ಹುಡುಗನಿಗೆ ಹೆದರಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ ಮಾರಾಯ.

ಲಿಂಗನಮಕ್ಕಿ ನೀರಿಗೆ ಗದ್ದೆ ಹೋದ ಮೇಲೆ ನಿಮ್ಮಜ್ಜ ರೈಲುಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಸೇರಿದ ಕತೆ ಗೊತ್ತೇ ಇದೆ, ಬಿಡು. ಆಗ ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್. ಕುಂಸಿ ದಾಟಿದರೆ ಅರಸಾಳು, ಕೆಂಚನಾಲ, ಆನಂದಪುರ, ಅಡ್ಡೇರಿ, ಸಾಗರ ಜಂಬಗಾರು, ಕಾನ್ಲೆ, ಕೊನೆಗೆ ತಾಳಗುಪ್ಪ. ಅಲ್ಲಿಂದ ಮುಂದೆ ಹಳಿಯೇ ಇಲ್ಲ. ಜೋಗ ನೋಡುವವರು ಇಳಿದು ಬಸ್ಸು ಹಿಡಿಯುತ್ತಿದ್ದರು. ನಮಗೆ ಆ ಗಾಡಿಯೇ ಗಡಿಯಾರ. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗುವ ಬಾಣಂತಿ, ಪರೀಕ್ಷೆ ಬರೆಯುವ ಹುಡುಗರು, ಬಾಳೆಗೊನೆ, ಅಡಿಕೆ ಚೀಲ, ಎಲ್ಲವೂ ಅದರಲ್ಲೇ. ಗಾಡಿ ತಡವಾದರೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಂದು ಮದುವೆ ಮಾತುಕತೆಯಾದರೂ ಮುಗಿಯುತ್ತಿತ್ತು. ಕೊನೆಗಾಲಕ್ಕೆ ಒಂದೇ ಡಬ್ಬಿಯ ರೈಲುಬಸ್ಸು ಓಡಿತು. 2011ರಲ್ಲಿ ಬ್ರಾಡ್ ಗೇಜ್ ಮುಗಿದು ದೊಡ್ಡ ಗಾಡಿ ಬಂತು. ಒಳ್ಳೆಯದೇ ಆಯಿತು. ಆದರೂ ಹಳೇ ಗಾಡಿಯ ಜನರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಬಹುದಿತ್ತು.

ಎಲ್ಲಿಗೋ ಹೋದೆ. ಕಣ್ತಪ್ಪುವ ಮಾತಿಗೆ ಬರುತ್ತೇನೆ.

ಪುಷ್ಯ ಮಳೆ ಹಿಡಿದರೆ ಅಪ್ಪ ಸಂಜೆ ಜಗುಲಿಯಲ್ಲಿ ಕೂತು ಕೈದೀಪ ಒರೆಸುತ್ತಿದ್ದ. ಹಳೇ ಪಂಚೆಯ ತುಂಡಿಗೆ ಚೂರು ಒಲೆಬೂದಿ. ಮೊದಲು ಬಿಳಿ ಗಾಜು, ಆಮೇಲೆ ಹಸಿರು. ಕೆಂಪು ಗಾಜನ್ನು ಮಾತ್ರ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸುತ್ತಿದ್ದ. ಅಪಾಯವಿದ್ದಾಗ ಗಾಡಿ ನಿಲ್ಲಿಸಲು ಹಳಿಯ ಮೇಲಿಡುವ ಪಟಾಕಿಯ ಡಬ್ಬಿ ನಾವು ಮುಟ್ಟುವಂತಿರಲಿಲ್ಲ. ಕಂಬಳಿಕೊಪ್ಪೆ ಹಾಕಿ ಹೊರಟರೆ ಬರುವುದು ಬೆಳಗಿನ ಜಾವ, ಕಾಲ್ಬೆರಳ ಸಂದಿಯಲ್ಲಿ ಉಂಬಳ ಕಚ್ಚಿಸಿಕೊಂಡು. ಹೆದರಿಕೆಯ ಸುದ್ದಿ ಒಂದು ದಿನವೂ ಎತ್ತಲಿಲ್ಲ. ಅಪ್ಪನಿಗೆ ಹೆದರಿಕೆಯೇ ಇಲ್ಲ ಅಂತ ನಾನು ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆ.

ಅವನು ತೀರಿಕೊಂಡ ದಿನ ಅವನ ಗ್ಯಾಂಗಿನ ಮುದುಕರೊಬ್ಬರು ಹೇಳಿದರು. ಒಂದು ರಾತ್ರಿ ಕೆಂಚನಾಲ ಬಿಟ್ಟು ಮೈಲಿಗಟ್ಟಲೆ ಬಂದ ಮೇಲೆ ಅಪ್ಪನಿಗೆ ಅನುಮಾನ ಬಂತಂತೆ, ಹಿಂದಿನ ಮೋರಿಯ ಅಡಿಗೆ ಬಗ್ಗಿ ನೋಡಿದೆನೋ ಇಲ್ಲವೋ ಅಂತ. ಆ ಮಳೆಯಲ್ಲಿ ವಾಪಸ್ ಹೋಗಿದ್ದಾನೆ. ಮೋರಿಗೆ ಏನೂ ಆಗಿರಲಿಲ್ಲ. ಸ್ಟೇಷನ್ನಿಗೆ ತಡವಾಗಿ ಬಂದದ್ದಕ್ಕೆ ಬೈಸಿಕೊಂಡ, ಪುಸ್ತಕದಲ್ಲೂ ಬರೆದರು. ಹೀಗೆ ಎಷ್ಟೋ ಸಲ ಆಗಿದೆ ಅಂದರು ಅವರು.

ಅಂದರೆ ನೀನು ಕೇಳಿದ್ದನ್ನೇ ಅವನೂ ದಿನಾ ಕೇಳಿಕೊಳ್ಳುತ್ತಿದ್ದ, ಅಲ್ವಾ? ರಿಟೈರಾದ ಮೇಲೂ ರಾತ್ರಿ ಗಾಡಿ ಅಡ್ಡೇರಿ ಕಡೆ ದಾಟಿದ ಸದ್ದು ಕೇಳುವ ತನಕ ಮಲಗುತ್ತಿರಲಿಲ್ಲ. ‘ಈಗ ನಿನ್ನ ಡ್ಯೂಟಿ ಅಲ್ಲಪ್ಪ, ಮಲಗು’ ಅನ್ನುತ್ತಿದ್ದೆ ನಾನು. ಪಕ್ಕದಲ್ಲಿ ಕೂತು ಏನಪ್ಪ ಅಂತ ಕೇಳಬೇಕಿತ್ತು. ಆ ಸಂಕಟ ನನಗಿನ್ನೂ ಇದೆ. ನೀನು ನನಗೆ ಬರೆದಿದ್ದೀಯ, ಅಪ್ಪನಿಗೆ ಹೇಳಿಕೊಳ್ಳಲು ಯಾರೂ ಸಿಗಲಿಲ್ಲ.

ಉಪಾಯ ಹೇಳುವಷ್ಟು ನನಗೆ ಗೊತ್ತಿಲ್ಲ. ನಾನು ಮೇಜಿನ ಹಿಂದೆ ಕೂತು ಸವೆದವನು. ಹಳಿ ಕೆಟ್ಟ ಜಾಗದಿಂದ 600 ಮೀಟರಿಗೆ ಒಂದು ಪಟಾಕಿ, 1200ಕ್ಕೆ ಮೂರು ಅಂತ ನಿನಗೆ ಕಲಿಸಿಯೇ ಇರುತ್ತಾರೆ. ಮೀಟರ್ ಗೇಜಿಗೆ ಅದು 400, 800 ಇತ್ತು. ಅನುಮಾನ ಬಂದರೆ ಕೆಂಪು ತೋರಿಸು. ಸುಮ್ನೆ ಗಾಡಿ ನಿಲ್ಲಿಸಿದೆ ಅಂತ ಬೈದರೆ ಬೈಸಿಕೋ, ನಮ್ಮ ಮನೆಯಲ್ಲಿ ಅದು ಹೊಸದಲ್ಲ. ಹಗಲು ಮಲಗು, ಮೊಬೈಲು ನೋಡಬೇಡ. ಆನೆ ಓಡಾಡುವ ಜಾಗ, ಜೊತೆಗಾರನನ್ನು ಬಿಟ್ಟು ಮುಂದೆ ಹೋಗಬೇಡ. ಇದೆಲ್ಲ ನಿನಗೆ ನನಗಿಂತ ಜಾಸ್ತಿ ಗೊತ್ತು.

ಆದರೆ ಕಣ್ತಪ್ಪುವ ಭಯ ಹೋಗುತ್ತದಾ ಅಂದರೆ, ಅಪ್ಪನಿಗಂತೂ ಹೋಗಲಿಲ್ಲ. ಇದನ್ನು ನಿನಗೆ ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ತಡೆಯಲು ಆಗದಿದ್ದರೆ ನಿಮ್ಮ ಮೇಸ್ತ್ರಿಗೆ ಬಾಯಿಬಿಟ್ಟು ಹೇಳು, ಮುಚ್ಚಿಟ್ಟುಕೊಳ್ಳಬೇಡ. ಬೀಟು ಮುಗಿದ ಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡು, ಎಷ್ಟು ಹೊತ್ತಾದರೂ ಸರಿ. ವಯಸ್ಸಾಯಿತು, ಹೇಗೂ ಎಚ್ಚರವಾಗಿಯೇ ಇರುತ್ತೇನೆ.

ದೊಡ್ಡಮ್ಮ ಉಂಬಳಕ್ಕೆ ಅಂತ ಹೊಗೆಸೊಪ್ಪು, ಸುಣ್ಣ ಕಟ್ಟಿಟ್ಟಿದ್ದಾಳೆ. ಪಾರ್ಸೆಲ್ ಯಾವ ವಿಳಾಸಕ್ಕೆ ಕಳಿಸಲಿ, ಬರಿ.

ನಿನ್ನ ದೊಡ್ಡಪ್ಪ