ಕರೆಯುವ ಮೊದಲು ಕೇಳಿ

ಮಾನ್ಯರೇ,

ಅಮೆರಿಕದ ಸುದ್ದಿಯನ್ನು ಕನ್ನಡಕ್ಕೆ ಇಳಿಸುವಾಗ, ಅಲ್ಲಿನ ಲ್ಯಾಟಿನ್ ಅಮೆರಿಕ ಮೂಲದವರನ್ನು ಗಂಡು-ಹೆಣ್ಣೆಂದು ಬೇರ್ಪಡಿಸದೆ ಕರೆಯುವ ‘ಲ್ಯಾಟಿನೆಕ್ಸ್’ ಎಂಬ ಪದವನ್ನು ಹಾಗೇ ಎತ್ತಿಕೊಳ್ಳುವುದು ಬೇಡ. ಸ್ಪ್ಯಾನಿಷ್‌ನಲ್ಲಿ ಗಂಡಸು ‘ಲ್ಯಾಟಿನೊ’, ಹೆಂಗಸು ‘ಲ್ಯಾಟಿನಾ’. ಹತ್ತು ಹೆಂಗಸರ ನಡುವೆ ಒಬ್ಬ ಗಂಡಸಿದ್ದರೂ ವ್ಯಾಕರಣ ಎಲ್ಲರನ್ನೂ ‘ಲ್ಯಾಟಿನೋಸ್’ ಮಾಡಿಬಿಡುತ್ತದೆ. ಇದನ್ನು ತಪ್ಪಿಸಲೆಂದೇ ಪದದ ತುದಿಗೆ ‘ಎಕ್ಸ್’ ಬಂತು. ಉದ್ದೇಶ ಒಳ್ಳೆಯದೇ. ಆದರೆ ಸ್ಪ್ಯಾನಿಷ್ ನಾಲಿಗೆಗೆ ಅದು ಒಗ್ಗದು. ಅದಕ್ಕೇ ‘ಲ್ಯಾಟಿನೆ’ ಎಂಬ ಇನ್ನೊಂದು ರೂಪ ಬಳಕೆಗೆ ಬಂದಿದೆ. ಅಮೆರಿಕದಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಪ್ಯೂ ಸಂಶೋಧನಾ ಕೇಂದ್ರದ 2020ರ ವರದಿಯಂತೆ ಆ ಸಮುದಾಯದ ವಯಸ್ಕರಲ್ಲಿ ಲ್ಯಾಟಿನೆಕ್ಸ್ ಪದ ಕೇಳಿದ್ದವರು ಶೇ 23, ಬಳಸುತ್ತಿದ್ದವರು ಶೇ 3. 2024ರ ವರದಿಯಲ್ಲಿ ಕೇಳಿದವರು ಶೇ 47 ಆದರು, ಬಳಸುವವರು ಶೇ 4ರಲ್ಲೇ ನಿಂತರು.

ಕನ್ನಡಕ್ಕೆ ಈ ಕಸರತ್ತು ಬೇಕಿಲ್ಲ. ‘ಒಕ್ಕಲಿಗ’, ‘ಒಕ್ಕಲಗಿತ್ತಿ’ ಎಂದರೆ ಲಿಂಗದ ಜೊತೆ ಏಕವಚನದ ಸಸಾರವೂ ಅಂಟಿಕೊಳ್ಳುತ್ತದೆ. ‘ಒಕ್ಕಲಿಗರು’ ಎಂದರೆ ಎರಡೂ ಕಳಚುತ್ತವೆ. ‘ಲ್ಯಾಟಿನೊ ಸಮುದಾಯದವರು’ ಎಂದು ಬರೆದರೆ ಸಾಕು. ಯಾರಾದರೂ ತಮ್ಮನ್ನು ಲ್ಯಾಟಿನೆಕ್ಸ್ ಎಂದೇ ಕರೆದುಕೊಂಡರೆ ಅವರ ಮಟ್ಟಿಗೆ ಅದೇ ಇರಲಿ. ಹಾಗೆಯೇ, ಲಿಂಗತ್ವ ಅಲ್ಪಸಂಖ್ಯಾತರೆಲ್ಲರಿಗೂ ‘ಮಂಗಳಮುಖಿ’ ಎಂದು ಬರೆಯುವುದನ್ನು ನಿಲ್ಲಿಸಿ. ಹೆಣ್ಣೆಂದು ಗುರುತಿಸಲ್ಪಟ್ಟು ಹುಟ್ಟಿ ಗಂಡಾಗಿ ಬಾಳುವವರಿಗೆ ಆ ಹೆಸರು ಹೊಂದುವುದೇ ಇಲ್ಲ.

ನಮ್ಮ ಕಡೆಯ ತೊಡಕು ಲಿಂಗದ್ದಲ್ಲ, ಹೆಸರಿನದೇ. ಪರಿಶಿಷ್ಟ ಜಾತಿಯೊಳಗೆ ಬಲಗೈ, ಎಡಗೈ ಎಂಬ ಎರಡು ಗುಂಪುಗಳಿವೆ; ‘ಆದಿ ಕರ್ನಾಟಕ’ ಎಂಬುದು ಒಂದು ಜಿಲ್ಲೆಯಲ್ಲಿ ಬಲಗೈಯವರ ಹೆಸರು, ಇನ್ನೊಂದರಲ್ಲಿ ಎಡಗೈಯವರದು. ಹಾಗಾಗಿ 2025ರಲ್ಲಿ, ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಒಳಗುಂಪುಗಳಿಗೆ ಹಂಚುವ ಒಳಮೀಸಲಾತಿಗಾಗಿ ನೇಮಿಸಿದ್ದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಗಣತಿದಾರರು ಮೂಲಜಾತಿಯನ್ನೇ ಕೇಳಬೇಕಾಯಿತು. ಹಳೆಯ ಹೆಸರು ಬೈಗುಳವಾಗಿ ಉಳಿದಿರುವ ಊರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಸುಲಭವೇ? ಹೇಳದಿದ್ದರೆ ಒಳಮೀಸಲಾತಿಯ ಲೆಕ್ಕದಲ್ಲಿ ನಷ್ಟ. ಮರ್ಯಾದೆಗೊಂದು ಹೆಸರು, ಪಾಲಿಗೊಂದು ಹೆಸರು ಎಂಬಂತಾಗಿದೆ. ಎಚ್.ಡಿ. ಕೋಟೆ, ಹುಣಸೂರಿನ ಜೇನು ಕುರುಬರ ಹಾಡಿಗಳಲ್ಲಿ ಎಡವಟ್ಟು ಬೇರೆ ಬಗೆಯದು: ‘ಜೇನು’ ಬಿಟ್ಟು ಬರೀ ‘ಕುರುಬ’ ಎಂದು ಬರೆದರೆ ಪರಿಶಿಷ್ಟ ಪಂಗಡದ ಕುಟುಂಬ ಹಿಂದುಳಿದ ವರ್ಗದ 2ಎಗೆ ಜಾರುತ್ತದೆ.

2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುತ್ತಾರೆ. ಗಣತಿದಾರರ ತರಬೇತಿಯಲ್ಲಿ ಇಷ್ಟನ್ನಾದರೂ ಹೇಳಿಕೊಡಲಿ: ಜಗಲಿಯಲ್ಲಿ ನೆರೆಯವರ ಎದುರು ಜಾತಿ ಕೇಳಬಾರದು, ಪಕ್ಕದ ಮನೆಯವರಿಂದ ತಿಳಿದು ತುಂಬಿಸಬಾರದು, ಮನೆಯವರು ಹೇಳಿದ್ದನ್ನು ಪೂರ್ತಿ ಬರೆದು, ಅವರಿಗೆ ಓದಿ ಹೇಳಿ, ಹೌದೆಂದ ಮೇಲೆಯೇ ಮುಂದಿನ ಪ್ರಶ್ನೆಗೆ ಹೋಗಬೇಕು.

– ನಿವೃತ್ತ ಕನ್ನಡ ಅಧ್ಯಾಪಕರು, ಮೈಸೂರು