ಸಂದರ್ಶನಗಳು ಮುಗಿದವು, ಮುಂದೇನು?

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಸಂಶೋಧನಾ ಪ್ರಬಂಧಕ್ಕೆ 18 ಸಂದರ್ಶನ ಮುಗಿಸಿ ಈಗ ವಿಶ್ಲೇಷಣೆಗೆ ಕೂರುತ್ತೇನೆ ಎಂದು ಬರೆದಿದ್ದೀಯ. ನಿಜಕ್ಕೂ ಎರಡನೆಯದು ಮುಗಿದಾಗಲೇ ಕೂರಬೇಕಿತ್ತು. ಮೊದಲೆರಡರಲ್ಲಿ ಕಂಡದ್ದು ಮೂರನೆಯದರ ಪ್ರಶ್ನೆಗಳನ್ನು ತಿದ್ದಬೇಕು. ಇರಲಿ, ಇನ್ನೂ ಎರಡು ಮೂರು ಮಂದಿಯನ್ನು ಮಾತಾಡಿಸುವ ಅವಕಾಶವನ್ನಾದರೂ ಉಳಿಸಿಕೋ. ಅದು ಬೇಕಾಗುತ್ತದೆ.

ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುವುದು ಸಾಮಾನ್ಯ. ಸಾಫ್ಟ್‌ವೇರ್ ಬರೆದುಕೊಟ್ಟರೂ ಧ್ವನಿ ಕೇಳುತ್ತಾ ಸಾಲುಸಾಲಾಗಿ ಸರಿನೋಡು. ಅದು ಒಂದು ‘ಇಲ್ಲ’ವನ್ನು ನುಂಗಿದರೆ ಅರ್ಥವೇ ತಿರುಗುಮುರುಗು, ಅರ್ಧಕ್ಕೆ ನಿಂತ ಮಾತನ್ನು ಅಂದವಾಗಿ ಮುಗಿಸಿಬಿಟ್ಟರೆ ನಿನಗೆ ಗೊತ್ತೇ ಆಗುವುದಿಲ್ಲ. ಮೌನ, ನಗು, ತಡವರಿಕೆ ಗುರುತು ಹಾಕು. ಪ್ರತಿ ಸಾಲಿಗೂ ಸಂಖ್ಯೆ ಕೊಡು. ಹೆಸರುಗಳ ಜಾಗದಲ್ಲಿ ಸಂಕೇತ ಬರಲಿ, ಯಾವ ಸಂಕೇತ ಯಾರದೆಂಬ ಪಟ್ಟಿ ಬೇರೆಯೇ ಕಡತದಲ್ಲಿ ಬೀಗದೊಳಗಿರಲಿ.

ಇನ್ನು ಕೋಡಿಂಗ್, ಅಂದರೆ ಮಾತಿನ ತುಣುಕುಗಳಿಗೆ ಅವುಗಳ ಅರ್ಥ ಹಿಡಿಯುವ ಪುಟ್ಟ ಹೆಸರು (ಕೋಡ್) ಹಚ್ಚುವುದು. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಕಲ್ಪಿತ ಉದಾಹರಣೆ ತಗೋ. ರಾತ್ರಿ ಪಾಳಿಯ ನರ್ಸ್ ಹೀಗೆನ್ನುತ್ತಾರೆ: ‘ಡಾಕ್ಟರನ್ನ ಎಬ್ಬಿಸಬಹುದು, ನಿಯಮ ಇದೆ. ಆದ್ರೆ ಬೆಳಿಗ್ಗೆ ಅವರ ಮುಖ ನೋಡ್ಬೇಕಲ್ಲ.’ ಇದಕ್ಕೆ ‘ಸಂವಹನ ಸಮಸ್ಯೆ’ ಎಂದು ಕೋಡ್ ಹಚ್ಚಿದರೆ ಮಾತು ಸತ್ತುಹೋಯಿತು. ಆ ಚೀಟಿಯಡಿ ನೂರು ಬೇರೆ ಮಾತುಗಳೂ ಹಿಡಿಯುತ್ತವೆ. ‘ನಿಯಮವಿದ್ದರೂ ಎಬ್ಬಿಸಲು ಹಿಂಜರಿಕೆ’ ಎಂದರೆ ಯಾರು ಏನು ಮಾಡುತ್ತಿದ್ದಾರೆ ಎನ್ನುವುದು ಉಳಿಯುತ್ತದೆ. ‘ಬೆಳಿಗ್ಗೆ ಮುಖ ನೋಡಬೇಕು’ ಎಂದು ಅವರ ಮಾತನ್ನೇ ಕೋಡ್ ಮಾಡಿದರೂ ಸರಿ. ಟ್ರಾನ್ಸ್‌ಕ್ರಿಪ್ಟ್ (ಅಕ್ಷರಕ್ಕಿಳಿಸಿದ ಸಂದರ್ಶನ) ಮುಚ್ಚಿಟ್ಟು ಕೋಡ್‌ಗಳನ್ನಷ್ಟೇ ಓದಿದಾಗ ಸಂದರ್ಶನದ ಹುರುಳು ಗೊತ್ತಾಗಬೇಕು, ಪರೀಕ್ಷೆ ಅಷ್ಟೇ.

ಪ್ರತಿ ಕೋಡ್‌ಗೂ ಕೋಡ್‌ಬುಕ್‌ನಲ್ಲಿ, ಅಂದರೆ ಕೋಡ್‌ಗಳ ವಿವರ ಪಟ್ಟಿಯಲ್ಲಿ, ನಾಲ್ಕು ವಿಷಯ ಬರೆ: ಹೆಸರು, ಒಂದು ವಾಕ್ಯದ ವಿವರಣೆ, ಯಾವುದು ಇದರೊಳಗೆ ಬರುವುದಿಲ್ಲ, ಒಂದು ಮಾದರಿ ಉಲ್ಲೇಖ. ‘ಬರುವುದಿಲ್ಲ’ ಎಂಬ ಸಾಲು ಬಿಟ್ಟರೆ ಹತ್ತನೇ ಟ್ರಾನ್ಸ್‌ಕ್ರಿಪ್ಟ್ ಹೊತ್ತಿಗೆ ಕೋಡ್ ಹಿಗ್ಗಿ ಬೇರೆಯೇ ಆಗಿರುತ್ತದೆ. ಹಾಗಾಗಿ ಕೊನೆಯದು ಮುಗಿದ ಮೇಲೆ ಮೊದಲ ಮೂರನ್ನು ಮತ್ತೆ ಕೋಡ್ ಮಾಡು. ನಡುವೆ ಹೊಳೆದದ್ದನ್ನೆಲ್ಲ ತಾರೀಖು ಹಾಕಿ ಮೆಮೊ ಬರೆದಿಡು. ಎರಡು ಕೋಡ್ ಸೇರಿಸಿದೆಯಾ, ಯಾಕೆ ಅಂತ ಅಲ್ಲೇ ಒಂದು ಸಾಲು.

ನೀನು ಕಳಿಸಿದ ಥೀಮ್‌ಗಳ ಪಟ್ಟಿಯಲ್ಲಿ ‘ಕೆಲಸದ ಒತ್ತಡ’, ‘ಸಹೋದ್ಯೋಗಿಗಳು’, ‘ತರಬೇತಿ’ ಎಂದಿದೆ. ಇವು ವಿಷಯಗಳು. ಪ್ರಶ್ನಾವಳಿಯ ತಲೆಬರಹಗಳೇ ತಿರುಗಿ ಬಂದಿವೆ. ಥೀಮ್ ಎಂದರೆ ಕೋಡ್‌ಗಳನ್ನು ಒಟ್ಟುಗೂಡಿಸಿ ಕಟ್ಟಿದ ಒಂದು ಹೇಳಿಕೆ, ಯಾರಾದರೂ ಅಲ್ಲಗಳೆಯಬಹುದಾದದ್ದು. ಮೇಲಿನ ಉದಾಹರಣೆಯಲ್ಲಾದರೆ ‘ರಾತ್ರಿಯ ನಿರ್ಧಾರವನ್ನು ನಿಯಮಕ್ಕಿಂತ ಬೆಳಗಿನ ಸಂಬಂಧವೇ ನಡೆಸುತ್ತದೆ’ ಎನ್ನಬಹುದು, ಬೇರೆ ಸಂದರ್ಶನಗಳೂ ಒಪ್ಪಿದರೆ. ‘ಥೀಮ್‌ಗಳು ಹೊರಹೊಮ್ಮಿದವು’ ಎಂದು ಮಾತ್ರ ಬರೆಯಬೇಡ. ಥೀಮ್ ವಿಶ್ಲೇಷಣೆಯ ಆರು ಹಂತಗಳನ್ನು 2006ರಲ್ಲಿ ವಿವರಿಸಿದ ಬ್ರೌನ್ ಮತ್ತು ಕ್ಲಾರ್ಕ್ ಅದೇ ಲೇಖನದಲ್ಲೇ ಈ ಮಾತನ್ನು ಆಕ್ಷೇಪಿಸಿದ್ದರು. ಕಟ್ಟಿದವಳು ನೀನು, ಹೇಗೆ ಕಟ್ಟಿದೆ ಎಂದು ಹೇಳು.

ಗುಣಮಟ್ಟಕ್ಕೆ ಲಿಂಕನ್ ಮತ್ತು ಗೂಬಾ 1985ರಲ್ಲಿ ಕೊಟ್ಟ ನಾಲ್ಕು ಅಳತೆಗಳು ಈಗಲೂ ಚಾಲ್ತಿಯಲ್ಲಿವೆ: ನಂಬಲರ್ಹತೆ, ಬೇರೆಡೆಗೆ ಅನ್ವಯಿಸುವಿಕೆ, ಸ್ಥಿರತೆ, ದೃಢೀಕರಿಸಬಹುದಾದ ಗುಣ. ನಾಲ್ಕನ್ನೂ ಪ್ರಬಂಧದಲ್ಲಿ ಹೆಸರಿಸಿ ಮುಂದೆ ಹೋಗುವವರೇ ಜಾಸ್ತಿ. ನೀನು ಹೀಗೆ ಮಾಡು. ಫಲಿತಾಂಶದಿಂದ ಒಂದು ವಾಕ್ಯ ಎತ್ತಿಕೋ; ಅದರಿಂದ ಥೀಮ್, ಥೀಮ್‌ನಿಂದ ಕೋಡ್, ಕೋಡ್‌ನಿಂದ ಟ್ರಾನ್ಸ್‌ಕ್ರಿಪ್ಟ್‌ನ ಸಾಲು ಸಂಖ್ಯೆಗೆ ಹಿಂದಕ್ಕೆ ಹೋಗು. ಎಲ್ಲಿ ದಾರಿ ಕಡಿಯಿತೋ ಅಲ್ಲಿ ವಾಕ್ಯ ತಿದ್ದು ಇಲ್ಲವೇ ತೆಗೆ. ಆಮೇಲೆ ಉಲ್ಲೇಖಗಳು ಯಾರ್‍ಯಾರವು ಎಂದು ಎಣಿಸು. 18 ಮಂದಿಯಲ್ಲಿ ಮೂವರು ಮಾತುಗಾರರೇ ಪುಟ ತುಂಬಿದ್ದರೆ ಉಳಿದ 15 ಮಂದಿ ಏನಂದರು?

ಥೀಮ್‌ಗೆ ಒಗ್ಗದವರನ್ನು ಬೇಕೆಂದೇ ಹುಡುಕು. ಧೈರ್ಯವಾಗಿ ಡಾಕ್ಟರನ್ನು ಎಬ್ಬಿಸುವ ನರ್ಸ್ ಒಬ್ಬರಿದ್ದರೆ ಅವರಿಗೇನು ಬೇರೆ ಇದೆ? ಹಿರಿತನವೇ, ಆ ಡಾಕ್ಟರೇ? ಉತ್ತರ ಸಿಕ್ಕರೆ ಥೀಮ್ ಹರಿತವಾಗುತ್ತದೆ. ಸಿಗದಿದ್ದರೆ, ಉಳಿಸಿಕೊಂಡ ಆ ಎರಡು ಮೂರು ಸಂದರ್ಶನಗಳನ್ನು ಇಂಥವರ ಜೊತೆಗೇ ಮಾಡು.

‘ಸ್ಯಾಚುರೇಶನ್ ತಲುಪಿತು’, ಅಂದರೆ ಇನ್ನು ಹೊಸದೇನೂ ಸಿಗುತ್ತಿಲ್ಲ, ಎನ್ನುವಾಗ ಹುಷಾರು. 12 ಸಂದರ್ಶನ ಸಾಕು ಎಂಬ ಮಾತು ಗೆಸ್ಟ್ ಮತ್ತು ಸಂಗಡಿಗರ 2006ರ ಲೇಖನದಿಂದ ಬಂದದ್ದು. ಘಾನಾ ಮತ್ತು ನೈಜೀರಿಯಾದ 60 ಸಂದರ್ಶನಗಳಲ್ಲಿ ಮೊದಲ 12ರೊಳಗೇ ಬಹುಪಾಲು ಕೋಡ್‌ಗಳು ಸಿಕ್ಕಿದ್ದವು. ಆದರೆ ಅಲ್ಲಿದ್ದವರು ಬಹುಮಟ್ಟಿಗೆ ಒಂದೇ ಬಗೆಯವರು, ಎಲ್ಲರಿಗೂ ಕೇಳಿದ್ದು ಒಂದೇ ಥರದ ಪ್ರಶ್ನೆ. ನಿನ್ನ ಗುಂಪು ಹಾಗಿಲ್ಲ. ಪ್ರತಿ ಸಂದರ್ಶನದಲ್ಲಿ ಎಷ್ಟು ಹೊಸ ಕೋಡ್ ಬಂತು ಎಂಬ ಪುಟ್ಟ ಕೋಷ್ಟಕ ತೋರಿಸು, ವಾದ ಅದೇ ಮಾಡುತ್ತದೆ.

ಕೊಹೆನ್ ಕಪ್ಪಾ (ಒಂದೇ ಮಾತಿಗೆ ಇಬ್ಬರು ಹಚ್ಚಿದ ಕೋಡ್‌ಗಳು ಎಷ್ಟು ಹೊಂದುತ್ತವೆ ಎಂಬ ಅಳತೆ) ಲೆಕ್ಕ ಹಾಕಲೇ ಎಂದು ಕೇಳಿದ್ದೀಯ. ಕೋಡ್‌ಬುಕ್ ನಿಗದಿಯಾಗಿ ಇಬ್ಬರು ಕೆಲಸ ಹಂಚಿಕೊಂಡಿದ್ದರೆ ಹಾಕು. ಒಬ್ಬಳೇ ವ್ಯಾಖ್ಯಾನಿಸುತ್ತಾ ಹೋಗುವ ವಿಧಾನಕ್ಕೆ ಅದು ಹೊಂದುವುದಿಲ್ಲ. ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಹಿಗ್ಗಲೂ ಬೇಡ: ಕೋಡ್ ಮೊಂಡಾದಷ್ಟೂ ಒಮ್ಮತ ಸುಲಭ. ಇನ್ನು ಸಂದರ್ಶನ ಅಧ್ಯಯನಗಳ ವರದಿಗೆ ಬಳಸುವ ಕೊರೆಕ್ (COREQ) ಪಟ್ಟಿಯ 32 ಅಂಶಗಳು ಏನೇನು ವರದಿ ಮಾಡಬೇಕೆಂದು ನೆನಪಿಸುತ್ತವೆ. ಎಲ್ಲಕ್ಕೂ ಟಿಕ್ ಬಿದ್ದ ಕಳಪೆ ಅಧ್ಯಯನ ಸಾಧ್ಯ. ಕೋಡಿಂಗ್ ಸಾಫ್ಟ್‌ವೇರ್ ಎನ್‌ವಿವೊ, ಅಟ್ಲಾಸ್, ಟ್ಯಾಗೆಟ್ ಯಾವುದಾದರೂ ಆದೀತು. ಟ್ಯಾಗೆಟ್ ಉಚಿತ, 18 ಕಡತಕ್ಕೆ ಧಾರಾಳ.

ಮೊದಲ ಎರಡು ಟ್ರಾನ್ಸ್‌ಕ್ರಿಪ್ಟ್‌ಗಳ ಕೋಡಿಂಗ್ ಮುಗಿಸಿ, ಕೋಡ್‌ಬುಕ್ ಮತ್ತು ಮೆಮೊಗಳ ಜೊತೆ ನಿನ್ನ ಗೈಡ್‌ಗೆ ತೋರಿಸು. ನನಗೆ ಕೋಡ್‌ಬುಕ್ ಒಂದನ್ನೇ ಕಳಿಸು. ಟ್ರಾನ್ಸ್‌ಕ್ರಿಪ್ಟ್ ಬೇಡ, ನೀನು ಪಡೆದ ಒಪ್ಪಿಗೆ ಪತ್ರದಲ್ಲಿ ನನ್ನ ಹೆಸರಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ