ಟಿಸಿ ಕೊಟ್ಟ ಮೇಲೆ ಅವರು ಯಾರ ಮಕ್ಕಳು? ಕೊಡಗಿನ ಶಾಸಕರಿಗೊಂದು ಬಹಿರಂಗ ಪತ್ರ

ಮಡಿಕೇರಿ ಕ್ಷೇತ್ರದ ಶಾಸಕರಾದ ಡಾ. ಮಂತರ್ ಗೌಡ ಅವರಿಗೆ,
ವಿರಾಜಪೇಟೆ ಕ್ಷೇತ್ರದ ಶಾಸಕರಾದ ಎ.ಎಸ್. ಪೊನ್ನಣ್ಣ ಅವರಿಗೆ,

ನಮಸ್ಕಾರ ಸರ್.

ನಾನು ಕೊಡಗಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ಕ್ಲಾಸಿನಲ್ಲಿ ಕೂತು ಓದಿ, ಡಿಗ್ರಿ ಮುಗಿದ ಮೇಲೆ ಪಿಜಿ (ಸ್ನಾತಕೋತ್ತರ) ಓದು ಕೈತಪ್ಪಿದ ಇಬ್ಬರು ಮಕ್ಕಳ ವಿಷಯ ನಿಮಗೆ ಹೇಳಬೇಕು.

ಒಬ್ಬಳು ಸುಂಟಿಕೊಪ್ಪ ಕಡೆಯ ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಹುಡುಗಿ. ಬಿಕಾಂನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಳು. ಎಂಕಾಂಗೆ ಅರ್ಜಿ ಕರೆದದ್ದು ಮಳೆ ಹಿಡಿದ ಮೇಲೆ. ಆ ವಾರವಿಡೀ ಅವರ ಲೈನಿನಲ್ಲಿ ಕರೆಂಟಿಲ್ಲ, ಫೋನಿಗೆ ನೆಟ್‌ವರ್ಕಿಲ್ಲ. ವಿಷಯ ಗೊತ್ತಾಗುವಷ್ಟರಲ್ಲಿ ತಾರೀಖು ಮುಗಿದಿತ್ತು. ಮುಂದಿನ ವರ್ಷ ಸೇರ್ತೀನಿ ಮೇಡಂ ಅಂದಳು. ಸೇರಲಿಲ್ಲ. ಈಗ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾಳೆ.

ಇನ್ನೊಬ್ಬ ಜೇನುಕುರುಬರ ಹಾಡಿಯ ಹುಡುಗ. ಅವನಿಗೆ ಹೊರ ಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಅವರ ಹಾಡಿಯಿಂದ ಅಷ್ಟು ದೂರ ಓದಲು ಹೋದವನು ಅವನೇ ಮೊದಲು. ಮೂರೇ ವಾರಕ್ಕೆ ವಾಪಸ್ ಬಂದ. ಯಾಕೋ ಅಂದರೆ ಬಾಯಿ ಬಿಡಲಿಲ್ಲ. ಆಮೇಲೆ ಒಂದೊಂದೇ ಹೊರಗೆ ಬಂತು. ಹಾಸ್ಟೆಲ್ ಪಟ್ಟಿ ಇನ್ನೂ ಆಗಿರಲಿಲ್ಲ. ಪರಿಚಯದವರ ರೂಮಿನಲ್ಲಿ ನೆಲದ ಮೇಲೆ ಮಲಗುತ್ತಿದ್ದ. ಎರಡನೇ ವಾರಕ್ಕೇ ಸೆಮಿನಾರ್ ಕೊಡು ಅಂದರಂತೆ. ಸೆಮಿನಾರ್ ಅಂದರೆ ಎದ್ದು ನಿಂತು ಏನು ಮಾಡಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ನಾವೂ ಹೇಳಿಕೊಟ್ಟಿರಲಿಲ್ಲ, ಅದು ನಮ್ಮ ತಪ್ಪು. ಮೂರು ವರ್ಷ ನಾವು ಕೊಟ್ಟ ನೋಟ್ಸ್ ಓದಿ ಪಾಸಾದವನಿಗೆ, ಲೈಬ್ರರಿಯಲ್ಲಿ ತಾನೇ ಪುಸ್ತಕ ಹುಡುಕಿ ಬರೆದು ತಾ ಅಂದರೆ ಎಲ್ಲಿಂದ ಶುರು ಮಾಡುವುದು? ಹೆದರಿ ನಾಲ್ಕು ದಿನ ಕ್ಲಾಸಿಗೆ ಹೋಗಲಿಲ್ಲ. "ನಾನು ಬಂದಿಲ್ಲ ಅಂತ ಅಲ್ಲಿ ಯಾರಿಗೂ ಗೊತ್ತಾಗಲ್ಲ ಮೇಡಂ" ಅಂದ.

ನಮ್ಮ ಕಾಲೇಜಿನಲ್ಲಾದರೆ ಒಬ್ಬರು ಎರಡು ದಿನ ಬರದಿದ್ದರೆ ಫೋನ್ ಮಾಡುತ್ತೇವೆ. ಫೋನ್ ಸಿಗದಿದ್ದರೆ ಅದೇ ಬಸ್ಸಿನಲ್ಲಿ ಬರುವವರ ಹತ್ತಿರ ಹೇಳಿ ಕಳಿಸುತ್ತೇವೆ. ಟಿಸಿ ಕೊಟ್ಟ ದಿನಕ್ಕೆ ಅದೆಲ್ಲ ನಿಂತುಹೋಗುತ್ತದೆ. ಅಡ್ಮಿಷನ್ ಆಗುವವರೆಗೆ ವಿಶ್ವವಿದ್ಯಾಲಯಕ್ಕೆ ಆ ಮಗು ಯಾರು ಅಂತಲೇ ಗೊತ್ತಿಲ್ಲ. ರಿಸಲ್ಟ್, ಅರ್ಜಿ, ಕೌನ್ಸೆಲಿಂಗ್, ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲವೂ ಬರುವುದು ಆ ನಡುವಿನ ತಿಂಗಳುಗಳಲ್ಲೇ. ನಮ್ಮ ಜಿಲ್ಲೆಯಲ್ಲಿ ಅದು ಮಳೆಗಾಲ. ಕಕ್ಕಡ ತಿಂಗಳ ಮಳೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಮೊದಲು ನಮ್ಮ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಬಂದ್ ಆದಾಗ ಮಂಗಳೂರು ಎಷ್ಟು ದೂರ ಅಂತ ಎಲ್ಲರಿಗೂ ಗೊತ್ತಾಯಿತು. ಅದಕ್ಕೇ 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದಾಗ ನಾನು ತುಂಬಾ ಖುಷಿಪಟ್ಟೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂತು, ಆ ಪಟ್ಟಿಯಲ್ಲಿ ಕೊಡಗೂ ಇತ್ತು. "ಸೇರಿಸಿದರೆ ಎರಡು ವರ್ಷ ಇರುತ್ತಾ ಮೇಡಂ?" ಅಂತ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದವರು ನೀವು. ಊರೂರಿನಲ್ಲಿ ಬಾಯಿಬಿಟ್ಟು ಹೇಳಿ.

ನಾನು ಕೇಳುವುದು ದೊಡ್ಡ ಕಟ್ಟಡವಲ್ಲ ಸರ್. ಪ್ರತಿ ಡಿಗ್ರಿ ಕಾಲೇಜಿನಲ್ಲೂ ಒಬ್ಬ ಉಪನ್ಯಾಸಕರಿಗೆ ಈ ಜವಾಬ್ದಾರಿ ವಹಿಸಿ. ಕೊನೆಯ ಪರೀಕ್ಷೆಯ ದಿನದಿಂದ ಪಿಜಿಯ ಮೊದಲ ತಿಂಗಳು ಮುಗಿಯುವವರೆಗೆ ಆ ಮಕ್ಕಳ ಬೆನ್ನಿಗೆ ಇರುವುದೇ ಅವರ ಕೆಲಸವಾಗಲಿ. ಸುಮ್ನೆ ಹೆಸರಿಗೆ ಬೇಡ. ಅವರ ಪಾಠದ ಅವಧಿ ಅಷ್ಟು ಕಡಿಮೆ ಮಾಡಬೇಕು. ಇಲ್ಲದಿದ್ದರೆ ಅದು ಇನ್ನೊಂದು ಕಮಿಟಿಯಾಗಿ ಫೈಲಿನಲ್ಲೇ ಉಳಿಯುತ್ತದೆ.

ಹಾಸ್ಟೆಲ್ ವಿಷಯದಲ್ಲಂತೂ ನೀವೇ ಕೈ ಹಾಕಬೇಕು. ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ ಒಂದು ಇಲಾಖೆ, ಸಮಾಜ ಕಲ್ಯಾಣದ್ದು ಇನ್ನೊಂದು, ಪರಿಶಿಷ್ಟ ವರ್ಗದವರದ್ದು ಮತ್ತೊಂದು. ಇಪ್ಪತ್ತು ಇಪ್ಪತ್ತೊಂದು ವರ್ಷದ ಮಕ್ಕಳು ಮೂರು ಆಫೀಸು ಸುತ್ತುವ ಬದಲು ಆ ಮೂವರನ್ನು ನೀವು ಒಂದು ಮೇಜಿಗೆ ಕೂರಿಸಬಹುದು ಅಲ್ವಾ? ಅಡ್ಮಿಷನ್ ಆದ ದಿನವೇ ಮಲಗಲು ಒಂದು ಜಾಗ ಸಿಗಲಿ. ಪಟ್ಟಿ ಆಮೇಲೆ ಬರಲಿ.

ಬಸ್ಸಿನದೂ ಒಂದು ಮಾತು. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಒಳ ಊರುಗಳಲ್ಲಿ ಓಡುವುದು ಜಾಸ್ತಿ ಪ್ರೈವೇಟ್ ಬಸ್. ಜಿಲ್ಲೆಯ ಆ ತುದಿಯ ಕುಟ್ಟ, ಬಿರುನಾಣಿ ಕಡೆಯ ಹುಡುಗಿಗೆ ಚಿಕ್ಕಅಳುವಾರ ಇನ್ನೂ ದೂರವೇ.

2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂತಲ್ಲ, ಆ ಬ್ಯಾಚಿನ ಮಕ್ಕಳು 2027ರಲ್ಲಿ ಹೊರಗೆ ಬರುತ್ತಾರೆ. ಅಷ್ಟರೊಳಗೆ ಒಂದು ದಿನ ಅವರನ್ನೆಲ್ಲ ಬಸ್ಸಿನಲ್ಲಿ ಚಿಕ್ಕಅಳುವಾರಕ್ಕೆ ಕರೆದುಕೊಂಡು ಹೋಗುವ ಏರ್ಪಾಡು ಮಾಡಿಸಿ. ಲೈಬ್ರರಿ ನೋಡಲಿ, ಒಂದು ಕ್ಲಾಸಿನಲ್ಲಿ ಕೂರಲಿ, ತಮ್ಮ ಊರಿನ ಸೀನಿಯರ್ ಒಬ್ಬರ ಜೊತೆ ಊಟ ಮಾಡಲಿ. ಸೆಮಿನಾರ್ ಕೊಡುವುದು ಹೇಗೆ ಅಂತ ನಾವು ಕಾಲೇಜಿನಲ್ಲೇ ಕಲಿಸಿ ಕಳಿಸುತ್ತೇವೆ. ನನ್ನ ಕ್ಲಾಸಿನಲ್ಲಿ ನಾನು ಈಗಲೇ ಶುರು ಮಾಡಿದ್ದೇನೆ.

ಮೊನ್ನೆ ಆ ಹುಡುಗ ಸಿಕ್ಕಿದ್ದ. ಮತ್ತೆ ಅರ್ಜಿ ಹಾಕ್ತೀಯೇನೋ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಹಾಸ್ಟೆಲ್ ಮೊದಲೇ ಸಿಗುತ್ತಾ ಮೇಡಂ?" ಅಂತ ಕೇಳಿದ. ವಿಚಾರಿಸಿ ಹೇಳ್ತೀನಿ ಅಂದಿದ್ದೇನೆ. ಅವನಿಗೆ ಏನು ಹೇಳಲಿ, ದಯವಿಟ್ಟು ತಿಳಿಸಿ.

ಇತಿ,
ಕೊಡಗಿನ ಒಬ್ಬ ಕನ್ನಡ ಉಪನ್ಯಾಸಕಿ